ಕಂಬಳಿಯೊಳಗಿನ ಬಿಸಿ

ಬಾಣಂತನದ ವಿಷಯದಲ್ಲಿ ಕರೆಮ್ಮನಿಗೆ ಬುದ್ಧಿ ಹೇಳುವ ಧೈರ್ಯ ಸಾಲಗುಂದದಲ್ಲಿ ಯಾರಿಗೂ ಇರಲಿಲ್ಲ. ಕುರಿ ಕಾಯುವ ಮನೆಯ ಹೆಂಗಸು. ಮಾತು ಒರಟು, ಕೈ ಮೆತ್ತಗೆ. ಓಣಿಯಲ್ಲಿ ಯಾರು ಹಡೆದರೂ ನೀರು ಹಾಕಲು ಅವಳೇ ಬೇಕು. ಸೀರೆ ಮೇಲೆತ್ತಿ ಕಟ್ಟಿ, ಹಂಡೆಯ ನೀರಿನ ಹದ ನೋಡಿ, ಬಾಣಂತಿಯ ಬೆನ್ನಿಗೆ ರಪರಪ ಎರೆಯುವಳು. ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿ ತಿಕ್ಕಿ ತೊಳೆದು, ಲೋಬಾನದ ಹೊಗೆ ಹಿಡಿದು, ಹಳೆ ಸೀರೆ ಹಾಸಿದ ಮೊರದಲ್ಲಿ ಮಲಗಿಸಿದರೆ ಅವಳ ಕೆಲಸ ಮುಗಿಯಿತು. ಆಮೇಲೆ ಒಂದು ಚಹಾ ಕುಡಿದು, ಅತ್ತೆಯಾದವಳನ್ನು ನಾಲ್ಕು ಮಾತು ಬೈದು ಹೋಗುವಳು. ಬೈಯದೆ ಹೋದ ದಿನ ಆ ಮನೆಯವರಿಗೇ ಏನೋ ಕಮ್ಮಿಯಾದಂತೆ ಅನಿಸುತ್ತಿತ್ತು.

ಅಂಥವಳಿಗೆ ಸ್ವಂತ ಮಗಳು ನಂದಿನಿಯ ಬಾಣಂತನವೇ ಕಗ್ಗಂಟಾಯಿತು. ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅಂಗೈಯಗಲದ ಹೆಣ್ಣುಕೂಸು ಸಿಂಧನೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದಿತ್ತು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿಕೊಂಡೇ ಇರಬೇಕು, ತೂಕ ಕೂಡುವ ತನಕ ಸ್ನಾನ ಬೇಡ ಎಂದು ಅಲ್ಲಿ ಹೇಳಿ ಕಳಿಸಿದ್ದರು. ನಂದಿನಿ ಹಾಗೆಯೇ ಮಾಡುತ್ತಿದ್ದಳು. ಅದನ್ನು ನೋಡಿದರೆ ಕರೆಮ್ಮನಿಗೆ ಮೈ ಉರಿಯುತ್ತಿತ್ತು.

"ಹಗಲೆಲ್ಲಾ ಎದಿಗಿ ಕಟ್ಕೊಂಡು ಕುಂತ್ರ ನಿನ್ನ ಸೊಂಟ ಉಳೀತೈತೇನು? ನೀರು ಕಾಣಸ್ಲಿಲ್ಲಂದ್ರ ಕೂಸಿನ ಮೈ ಹೆಂಗ ಗಟ್ಟಿ ಆಗತೈತಿ?"

"ಡಾಕ್ಟ್ರು ಬ್ಯಾಡ ಅಂದಾರ ಯವ್ವಾ."

"ನಿನ್ನ ಹಡದಾಕಿ ನಾನು, ಡಾಕ್ಟ್ರಲ್ಲ."

ಒಂದು ಥಂಡಿಯ ಬೆಳಿಗ್ಗೆ ಕರೆಮ್ಮ ಮಗಳಿಗೆ ನೀರು ಹಾಕಿದಳು. ಎರೆಸಿಕೊಂಡ ಸುಸ್ತಿಗೆ ನಂದಿನಿ ಹಸಿಗೂದಲಲ್ಲೇ ಹೊರಸಿನ ಮೇಲೆ ಉರುಳಿ ಕಣ್ಣು ಮುಚ್ಚಿದಳು. ಅಷ್ಟೇ ಸಾಕಾಯಿತು. ಕರೆಮ್ಮ ಕೂಸನ್ನು ಬಚ್ಚಲಿಗೆ ಒಯ್ದು, ಎಲ್ಲ ಕೂಸುಗಳಿಗೂ ಮಾಡಿದಂತೆ ತೊಳೆದು, ಹೊಗೆ ಹಿಡಿದು, ಸುತ್ತಿ, ಮೊರದಲ್ಲಿ ಮಲಗಿಸಿದಳು. ಕೂಸು ಅಳಲೇ ಇಲ್ಲ. ಹೇಗೆ ನಿದ್ದೆ ಹತ್ತಿತು ನೋಡು ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಆಗಲೇ ನರ್ಸ್ ಸುರೇಖಾ ಕೂಸನ್ನು ನೋಡಲು ಬಂದಳು. ಬಟ್ಟೆಯೊಳಗೆ ಕೈ ಹಾಕಿ ಪಾದ ಮುಟ್ಟಿದವಳ ಮುಖ ಬದಲಾಯಿತು.

"ಪಾದ, ಹೊಟ್ಟಿ ಎಲ್ಲಾ ತಣ್ಣಗಾಗ್ಯಾವ. ನೀರು ಹಾಕೀರೇನು?"

ನಂದಿನಿ ಗಾಬರಿಯಿಂದ ಎದ್ದು ನಿಂತಳು, ಕಣ್ಣು ಕತ್ತಲಿಟ್ಟು ಮತ್ತೆ ಕುಸಿದಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀ ಏಳಬ್ಯಾಡ, ಮೈಯೆಲ್ಲಾ ಹಸಿ ಐತಿ," ಎಂದು ಸುರೇಖಾ ಕರೆಮ್ಮನ ಕಡೆ ತಿರುಗಿದಳು. "ಅವ್ವಾ, ಕುಬಸ ಬಿಚ್ರಿ. ಕೂಸಿನ್ನ ನೀವ ಎದಿಗಿ ಹಾಕ್ಕೋರಿ."

"ನನ್ನ ಎದಿಯಾಗ ಹಾಲೆಲ್ಲಿಂದ ಬರಬೇಕ್ರೀ ನರ್ಸಮ್ಮ?"

"ಹಾಲು ಆಮ್ಯಾಲ. ಈಗ ಅದಕ್ಕ ಬಿಸಿ ಬೇಕು."

ಸುರೇಖಾ ಕೂಸಿನ ಬಟ್ಟೆ ಬಿಚ್ಚಿ, ತಲೆಗೆ ಟೋಪಿ ಹಾಕಿ, ಮುದುಕಿಯ ಎದೆಗೆ ಒರಗಿಸಿದಳು; ಮೇಲೆ ಕಂಬಳಿ ಹೊದಿಸಿ, ಫೋನು ಹಿಡಿದು ಆಂಬುಲೆನ್ಸಿಗೆ ಹೇಳಿದಳು. ಕಂಬಳಿ ಮೈಮೇಲೆ ಬಿದ್ದದ್ದೇ ತಡ, ಕರೆಮ್ಮನ ಒಂದು ಕೈ ತಾನಾಗಿಯೇ ಕೂಸಿನ ಕುಂಡೆಯ ಕೆಳಗೆ ಹೋಯಿತು, ಇನ್ನೊಂದು ಬೆನ್ನಿಗೆ. ಈ ಹಿಡಿತ ಅವಳ ಕೈಗಳಿಗೆ ಗೊತ್ತಿತ್ತು. ವಳಕಮದಿನ್ನಿಯ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುತ್ತಿದ್ದ ದಿನಗಳಲ್ಲಿ, ಥಂಡಿಗೆ ಸೆಟೆದ ಎಷ್ಟು ಮರಿಗಳನ್ನು ಹೀಗೆ ಕಂಬಳಿಯೊಳಗೆ ಒತ್ತಿಕೊಂಡು ಉಳಿಸಿದ್ದಳು! ಎಳೆಮರಿಗೆ ನೀರು ಸೋಕಿಸಿದನೆಂದು ಗಂಡ ಮೈಲಾರಲಿಂಗಪ್ಪನಿಗೆ ಬೈಗುಳದ ಮಂಗಳಾರತಿ ಮಾಡಿದ್ದಳು.

ಅದೇ ಕಾಲದಲ್ಲಿ ಅವಳ ಚೊಚ್ಚಲ ಮಗಳು ಹುಟ್ಟಿದ್ದಳು. ಅವಳೂ ದಿನ ತುಂಬದವಳು, ಇಷ್ಟೇ ಇದ್ದಳು. ಕರೆಮ್ಮನೇ ದಿನಾ ತೊಳೆದು, ಹೊಗೆ ಹಿಡಿದು, ಮೊರದಲ್ಲಿ ಮಲಗಿಸುತ್ತಿದ್ದಳು. ಒಂದು ಬೆಳಿಗ್ಗೆ ಕೂಸು ಏಳಲಿಲ್ಲ. ಅದರ ಆಯುಷ್ಯ ಅಷ್ಟೇ ಎಂದರು ಹಿರಿಯರು, ಇವಳೂ ನಂಬಿದ್ದಳು.

ಕುರಿಮರಿಗೆ ಎದೆ ಕೊಟ್ಟೆ, ಹೆತ್ತ ಮಗಳಿಗೆ ಮೊರ ಕೊಟ್ಟೆ ಎಂಬುದು ಈಗ ಕರೆಮ್ಮನಿಗೆ ಹೊಳೆಯಿತು. ಯಾರೂ ಹೇಳಿಕೊಟ್ಟಿರಲಿಲ್ಲ, ನಿಜ. ಆದರೂ ದುಃಖ ಉಕ್ಕಿ ಬಂತು. ಅಲುಗಿದರೆ ಕೂಸಿಗೆ ಗಾಳಿ ತಾಗೀತೆಂದು ಕಣ್ಣೀರನ್ನೂ ಒರೆಸಿಕೊಳ್ಳದೆ ಕೂತಳು.

ಬಹಳ ಹೊತ್ತಿನ ಮೇಲೆ ಪಕ್ಕೆಗೆ ಏನೋ ತಿವಿದಂತಾಯಿತು. ಪುಟ್ಟ ಕಾಲು. ಹಿಂದೆಯೇ ಸಣ್ಣದೊಂದು ಅಳು. ಸುರೇಖಾ ಪಾದ ಮುಟ್ಟಿ ನೋಡಿ, ಅಷ್ಟರಲ್ಲಿ ಮೈ ಒಣಗಿಸಿಕೊಂಡಿದ್ದ ನಂದಿನಿಯ ಎದೆಗೆ ಕೂಸನ್ನು ಕೊಟ್ಟಳು. ಅದು ತಡಕಾಡಿ ಬಾಯಿ ಹಾಕಿ ಚೀಪತೊಡಗಿತು.

"ಆದ್ರೂ ಒಮ್ಮಿ ಡಾಕ್ಟ್ರಿಗೆ ತೋರ್ಸೂಣು," ಎಂದಳು ಸುರೇಖಾ. ಹೊರಗೆ ಗಾಡಿ ಬಂದು ನಿಂತಿತ್ತು.

ಕೂಸು ಹಾಲು ಬಿಟ್ಟಾಗ ನಂದಿನಿ ಸೋತು ಹಿಂದಕ್ಕೆ ಒರಗಿದಳು. ಕರೆಮ್ಮ ಯಾರೂ ಹೇಳದೆಯೇ ಕುಪ್ಪಸ ಸಡಿಲಿಸಿ, ಕಂಬಳಿ ಎಳೆದುಕೊಂಡಳು.

"ಕೊಡು ಇಲ್ಲಿ. ದಾರ್ಯಾಗ ನಾ ಕಟ್ಕೋತೀನಿ. ನಿಮ್ಮಕ್ಕಗ ಕೊಡದ ಬಿಸಿ ಇನ್ನೂ ಒಂದೀಟು ಇಲ್ಲೇ ಉಳದೈತಿ."

ತನಗೊಬ್ಬ ಅಕ್ಕ ಇದ್ದಳೆಂದು ಅವ್ವನ ಬಾಯಲ್ಲಿ ನಂದಿನಿ ಎಂದೂ ಕೇಳಿರಲಿಲ್ಲ. ಕೂಸನ್ನು ಅವ್ವನ ಎದೆಗೆ ಒರಗಿಸಿ, ಕಂಬಳಿಯ ಅಂಚನ್ನು ತಾನೇ ಮುಚ್ಚಿದಳು.