ಬಿಳಿಗಿರಿಗೆ ಕೇಳದ ಸದ್ದು

ಚಿಕ್ಕತಾಯಮ್ಮ ಬಿಳಿಗಿರಿಯನ್ನು ಮೊದಲು ಕಂಡದ್ದು ದಿಂಬಂ ಘಾಟಿಯ ತುದಿಯ ಟೀ ಅಂಗಡಿಯ ಮುಂದೆ, ಗಂಡ ತೀರಿಕೊಂಡ ವರ್ಷ. ಅವಳು ಕೂತಿದ್ದ ಬಸ್ಸು ಘಾಟಿ ಹತ್ತಿ ಬಂದು ಕಿರುಗುಟ್ಟುತ್ತ ನಿಂತಿತ್ತು. ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದವನೊಬ್ಬ ತಲೆ ಎತ್ತದೆಯೇ, "ಬೆಲ್ಟಲ್ಲ ಕಣಣ್ಣ, ಪುಲ್ಲಿ ಬೇರಿಂಗ್ ಓಗದ," ಅಂದ. ಡ್ರೈವರು ನಕ್ಕ. ಮುಚ್ಚಳ ತೆಗೆದು ನೋಡಿದರೆ ಅದೇ.

ಅಲ್ಲಿಂದಾಚೆಗೆ ಇಪ್ಪತ್ತೆರಡು ವರ್ಷ, ಅವಳ ಹೊಲದ ಕೋಸು ಆ ಘಾಟಿಯಿಂದ ಸತ್ಯಮಂಗಲದ ಮಾರುಕಟ್ಟೆಗೆ ಇಳಿದದ್ದು ಆ ಬಿಳಿಗಿರಿಯ ಗಾಡಿಯಲ್ಲೇ.

ಈ ಸಲ ಕಿರುಗುಟ್ಟಿದ್ದು ಅವನದೇ ಗಾಡಿ. ವಾರದ ಹಿಂದೆ ಅವಳ ಮನೆಯ ಅಂಗಳದಲ್ಲೇ ಒಂದು ಹೊಸ ಪುಲ್ಲಿ ಹಾಕಿದ್ದ. ಹೊಸ ಸಾಮಾನು ಅಂತ ಚಿಕ್ಕತಾಯಮ್ಮನೇ ಅದಕ್ಕೆ ಮೂರು ಬೆರಳು ವಿಭೂತಿ ಎಳೆದಿದ್ದಳು. ಸದ್ದು ನಿಂತಿಲ್ಲವೆಂದು ಅವಳೇ ಹೇಳಿದಾಗ ಬಿಳಿಗಿರಿ ರೇಗಿದ.

"ನಿನ್ನ ಈಬೂತಿ ಬೆಲ್ಟಿಗೆ ಅಂಟ್ಕಂಡದ ಕಣಕ್ಕ!"

ಅವಳು ವಿಭೂತಿ ಒರೆಸಿದಳು. ಆದರೂ ಸದ್ದು ಹೋಗಲಿಲ್ಲ.

ಅವನು ಎಂಜಿನ್ ಓಡುತ್ತಿರುವಾಗಲೇ ಬೆಲ್ಟಿಗೆ ನೀರು ಚಿಮುಕಿಸಿದ. ಬೆಲ್ಟಿನದೇ ತಪ್ಪಾಗಿದ್ದರೆ ಒಂದು ಗಳಿಗೆಯಾದರೂ ಸದ್ದು ಅಡಗಬೇಕು.

"ಅಡಗ್ತು ನೋಡು," ಅಂದ.

ಅಡಗಿರಲಿಲ್ಲ. ಬೇಲಿಯಾಚೆ ಮೇಯುತ್ತಿದ್ದ ಹಸು ಕೂಡ ಕಿವಿ ನಿಮಿರಿಸಿ ನಿಂತಿತ್ತು. ಆಮೇಲೆ ಬಿಳಿಗಿರಿ ಸದ್ದಿನ ಜಾಗ ಹುಡುಕಲು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿಕೊಂಡು ತುದಿಯನ್ನು ಒಂದೊಂದೇ ಬೋಲ್ಟಿಗೆ ಮುಟ್ಟಿಸಿದ. ಕಣ್ಣು ಮಾತ್ರ ಎಂಜಿನ್ನಿನ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಚಿಕ್ಕತಾಯಮ್ಮ ಎಂಜಿನ್ ನಿಲ್ಲಿಸುವಂತೆ ಕೈಸನ್ನೆ ಮಾಡಿದಳು.

"ಯಾವತ್ತಿಂದ ಕೇಳುಸ್ತಿಲ್ಲಲಾ?"

ಅವನು ಜಗುಲಿಯ ಮೇಲೆ ಕುಸಿದು ಕೂತ. "ದೀಪಾವಳಿಂದ. ಮಾತು ಕೇಳ್ತದ, ಸಣ್ಣ ಸದ್ದು ಕೇಳಾಕಿಲ್ಲ. ಯಾರ್ಗೂ ಏಳ್ಬ್ಯಾಡಕ್ಕ. ಕಿವುಡನ ಗಾಡಿಗೆ ಮೂಟೆ ಯಾರು ಆಕ್ತಾರು?"

"ಕಿವಿ ಓದ್ರೆ ಓಯ್ತು, ಬೆರಳು ಅವೆಯಲ್ಲ. ಬೆಲ್ಟ್ ಬಿಚ್ಚು."

ಬೆಲ್ಟು ಕಳಚಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದ. ಹೊಸದು ನುಣ್ಣಗೆ ತಿರುಗಿತು. ನೀರಿನ ಪಂಪಿನದೂ ಸರಿ ಇತ್ತು. ಕೆಳಗಡೆ, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿಯ ಹತ್ತಿರ ಅವನ ಬೆರಳು ನಿಂತಿತು. ರಾಗಿಕಲ್ಲಿಗೆ ಮರಳು ಸಿಕ್ಕಿದ ಹಾಗೆ ಜರಜರ.

"ಥೂ, ಒಳ್ಳೇದ್ನ ಕಿತ್ತಾಕಿ ಕೆಟ್ಟದ್ನ ಮಡಿಕ್ಕಂಡಿದ್ದೆ."

"ಬಯ್ದಿದ್ದು ನನ್ನ ಈಬೂತಿಯ."

ಅವನು ನಗಲಿಲ್ಲ.

ಮಾರನೆಯ ದಿನ ತಾಳವಾಡಿಯಿಂದ ಪುಲ್ಲಿ ತಂದ. ಒಂದೇ ಬೋಲ್ಟಿನ ಕೆಲಸ. ಅವನ ಮೊಣಕಾಲಿಗೂ ಅವಳ ಸೊಂಟಕ್ಕೂ ಆಗಾಗ ವಿಶ್ರಾಂತಿ ಬೇಕಾಗಿ ಮಧ್ಯಾಹ್ನವೇ ಕಳೆಯಿತು. ಅವಳು ವಿಭೂತಿಯನ್ನು ಬೋಲ್ಟಿನ ತಲೆಗಷ್ಟೇ ಮುಟ್ಟಿಸಿದಳು. ಗಾಡಿ ಚಾಲೂ ಮಾಡಿದ ಬಿಳಿಗಿರಿ ಅವಳ ಮುಖವನ್ನೇ ನೋಡಿದ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, ಸರಿಯಿದೆ ಎಂದು ತಲೆಯಾಡಿಸಿದಳು.

ಆದರೂ ಅವನು ಎಂಜಿನ್ ನಿಲ್ಲಿಸಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಘಾಟಿಯ ಕಡೆಗೆ ನೋಡುತ್ತ ಕೂತಿದ್ದ. ಆಮೇಲೆ ಪಕ್ಕದ ಸೀಟಿನ ಧೂಳನ್ನು ಅಂಗೈಯಲ್ಲಿ ಒರೆಸಿದ.

"ಘಾಟೀಲಿ ಇಪ್ಪತ್ತೇಳು ತಿರುವು ಅವ ಕಣಕ್ಕ. ನಾಳಿಕೆ ನೀನೂ ಮುಂದ್ಗಡೆ ಕೂತ್ಕಂಡು ಬತ್ತಿಯಾ?"