ಕಿಸೆಗೊಂದು ಚಾಕು

ಮನುಷ್ಯನನ್ನು ಪಶುಗಳಿಂದ ಬೇರ್ಪಡಿಸುವುದು ವಿವೇಕ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಕುಷ್ಟಗಿಯಲ್ಲಿ ನಮ್ಮ ಶಾಲೆಯ ಮಾಸ್ತರರನ್ನು ನೋಡಿಲ್ಲವೆಂದು ಕಾಣುತ್ತದೆ. ನನ್ನ ಮಟ್ಟಿಗೆ ಆ ವ್ಯತ್ಯಾಸ ಇರುವುದು ಕಿಸೆಯಲ್ಲಿ. ಎತ್ತಿಗೆ ಕೊಂಬಿದೆ, ಬೆಕ್ಕಿಗೆ ಉಗುರಿದೆ, ಮುಂಗುಸಿಗೆ ಹಲ್ಲಿದೆ. ಪಾಪ, ಅವು ತಮ್ಮ ಆಯುಧಗಳನ್ನೆಲ್ಲ ಮೈಮೇಲೆ ತೋರಿಸಿಕೊಂಡೇ ತಿರುಗಬೇಕು. ಮನುಷ್ಯನೊಬ್ಬನೇ ತನ್ನ ಕೊಂಬು ಉಗುರು ಹಲ್ಲುಗಳನ್ನು ಮಡಚಿ ಕಿಸೆಗೆ ಹಾಕಿಕೊಂಡು ಸಭ್ಯನ ಹಾಗೆ ಕುಳಿತುಕೊಳ್ಳಬಲ್ಲ.

ಈ ಸತ್ಯ ನನಗೆ ಹೊಳೆದದ್ದು ತಪಸ್ಸಿನಿಂದಲ್ಲ, ಕೋಟು ಹೊಲಿಸಿದ್ದರಿಂದ. ದರ್ಜಿ ಅದಕ್ಕೆ ನನಗೆ ಬೇಕಾದದ್ದಕ್ಕಿಂತ ಒಂದು ಕಿಸೆ ಹೆಚ್ಚಿಗೆ ಇಟ್ಟಿದ್ದ. ಒಂದರಲ್ಲಿ ಕೈವಸ್ತ್ರ, ಇನ್ನೊಂದರಲ್ಲಿ ನಶ್ಯದ ಡಬ್ಬಿ. ಮೂರನೆಯದು ಖಾಲಿ. ಖಾಲಿ ಕಿಸೆಯೊಳಗೆ ಕೈ ಹೋದಾಗಲೆಲ್ಲ, ಜಗತ್ತು ನನ್ನಿಂದ ಏನನ್ನೋ ನಿರೀಕ್ಷಿಸುತ್ತಿದೆ, ನಾನು ಮಾತ್ರ ಸಿದ್ಧನಾಗಿಲ್ಲ ಎನ್ನಿಸುತ್ತಿತ್ತು. ಆಲೋಚಿಸಿ ನಿರ್ಧರಿಸಿದೆ. ನನಗೆ ಒಂದು ಚಾಕು ಬೇಕು. ಬರೀ ಚಾಕಲ್ಲ, ಹಲವು ಕೆಲಸದ ಒಂದೇ ಚಾಕು.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿದ್ದರು ಎಂಬುದನ್ನು ಒಪ್ಪಿಕೊಳ್ಳಬೇಕು. ನನ್ನ ಅಜ್ಜನ ಉಡಿದಾರಕ್ಕೆ ಒಂದು ಹಿತ್ತಾಳೆ ಬಳೆ ಇತ್ತು. ಅದಕ್ಕೆ ಮುಳ್ಳು ಕೀಳುವ ಚಿಮಟಿಗೆ, ಕಿವಿ ಕೆರೆಯುವ ಚಮಚ, ಹಲ್ಲು ಕೆದಕುವ ಕಡ್ಡಿ ಮೂರೂ ಒಟ್ಟಿಗೆ ತೂಗುತ್ತಿದ್ದವು. ಕಪ್ಪು ಮಣ್ಣಿನ ಎರಿಹೊಲ ಮತ್ತು ಜಾಲಿಮುಳ್ಳು ಇರುವ ಸೀಮೆಯಲ್ಲಿ ಇದಕ್ಕಿಂತ ಹೆಚ್ಚಿನದು ಯಾರಿಗೂ ಬೇಕಾಗಲಿಲ್ಲ. ಅಜ್ಜ ನಡೆದರೆ ಸಣ್ಣಗೆ ಕಿಣಿಕಿಣಿ ಸಪ್ಪಳ. ಓಣಿಯ ಮಂದಿ ಮುಳ್ಳು ನೆಟ್ಟ ಕಾಲೆತ್ತಿಕೊಂಡು ಆ ಸಪ್ಪಳದ ದಾರಿ ಕಾಯುತ್ತಿದ್ದರು. ಆದರೆ ಉಡಿದಾರದಿಂದ ಸಾಮಾನು ತೆಗೆಯಬೇಕಾದರೆ ಧೋತರ ಸರಿಸಬೇಕು. ಕೋಟು ತೊಟ್ಟ ಮಾಸ್ತರನು ನಾಲ್ಕು ಜನರ ಮುಂದೆ ಹಾಗೆ ಮಾಡಲಾರ. ನಾಗರಿಕತೆ ಎಂದರೆ ಇಷ್ಟೇ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ: ಸಾಮಾನು ಅದೇ, ಅದು ಸೊಂಟದಿಂದ ಎದೆಗೆ ಏರಿರುತ್ತದೆ.

ಆಗಿನ್ನೂ ಮಹಾಯುದ್ಧ ಶುರುವಾಗಿರಲಿಲ್ಲ. ವಿಲಾಯತಿ ಸಾಮಾನು ಮುಂಬೈಯಿಂದ ಗದಗಿನ ಮೇಲೆ ಹಾದು ಕೊಪ್ಪಳದ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಕೊಪ್ಪಳದ ಪೇಟೆಯಲ್ಲಿ ಖಾಜಾಸಾಹೇಬರ ಅಂಗಡಿ. ಕೀಲಿ, ಕತ್ತರಿ, ಕಂದೀಲುಗಳ ನಡುವೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಮೂರು ಚಾಕು. ಮೊದಲನೆಯದಕ್ಕೆ ಎರಡೇ ಅಲಗು. ಎರಡನೆಯದಕ್ಕೆ ಅಲಗುಗಳ ಜೊತೆಗೆ ಒಂದು ದಬ್ಬಣ, ಒಂದು ಚಿಮಟಿಗೆ. ಮೂರನೆಯದಕ್ಕೆ ಇವೆಲ್ಲ ಇದ್ದು, ಮೇಲೆ ಡಬ್ಬಿ ಕೊರೆಯುವ ಕೊಕ್ಕೆ ಮತ್ತು ಬಾಟಲಿಯ ಬೂಚು ಕೀಳುವ ತಿರುಪು. ನಾನು ತಿಂಗಳಿಗೊಮ್ಮೆ ಸಂಬಳದ ಮರುದಿನ ಹೋಗಿ ಈ ಮೂರನ್ನೂ ತೆರೆದು, ಮುಚ್ಚಿ, ತೂಗಿ ನೋಡಿ, ಏನೂ ಕೊಳ್ಳದೆ ಬರುತ್ತಿದ್ದೆ.

“ಮಾಸ್ತರ್ ಸಾಬ, ಹೆಣ್ಣು ನೋಡಾಕ ಬಂದಂಗ ಬರ್ತೀರಿ, ಊರಿಗೆ ಹೋಗಿ ತಿಳಸ್ತೀನಿ ಅಂತೀರಿ,” ಎಂದರು ಖಾಜಾಸಾಹೇಬರು ಒಂದು ಸಲ. “ಚಾಕೂಗೂ ಮನಸ್ಸು ಇರತೈತ್ರಿ.”

ಅವರಿಗೇನು ಗೊತ್ತು ತೊಂದರೆ. ದೇವಿಗೆ ಹತ್ತು ಕೈ, ಒಂದೊಂದು ಕೈಯಲ್ಲಿ ಒಂದೊಂದು ಆಯುಧ. ಯಾವುದು ಎಲ್ಲಿದೆ ಎಂದು ಹುಡುಕುವ ಪ್ರಮೇಯವೇ ಇಲ್ಲ. ಈ ಚಾಕುವಿನದು ಅದರ ತಿರುಗುಮುರುಗು. ಆಯುಧ ಹಲವು, ಅವನ್ನು ಹೊರಗೆಳೆಯಲು ಇರುವುದು ಒಂದು ಹೆಬ್ಬೆರಳಿನ ಉಗುರು. ನನ್ನ ಉಗುರೋ, ಪರೀಕ್ಷೆಯ ಕಾಗದ ತಿದ್ದುವಾಗ ಕಚ್ಚಿ ಕಚ್ಚಿ ಸವೆದುಹೋದದ್ದು. ಸಣ್ಣ ಅಲಗನ್ನು ತೆರೆಯಬೇಕಾದರೆ ದಬ್ಬಣ ಬೇಕು, ದಬ್ಬಣವನ್ನು ತೆರೆಯಬೇಕಾದರೆ ಸಣ್ಣ ಅಲಗು ಬೇಕು. ಇಂಥ ಸಮಸ್ಯೆಯ ಮೇಲೆ ಹಿಂದಿನವರು ಭಾಷ್ಯ ಬರೆಯುತ್ತಿದ್ದರು.

ಕಡೆಗೆ ಒಂದು ತೀರ್ಮಾನಕ್ಕೆ ನೂಕಿದ್ದು ನನ್ನ ಲಗ್ನದ ಮಾತು. ಗಂಗಾವತಿಯ ಕಡೆಯ ಒಂದು ಸಂಬಂಧ, ಮಾಸ್ತರನಿಗೆ ಹೊಲವಿಲ್ಲವೆಂದು ಮುರಿದಿತ್ತು. ಕೊಪ್ಪಳದ್ದೊಂದು, ನಾನು ನಗುವುದಿಲ್ಲವೆಂದು ಮುರಿದಿತ್ತು. ಈಗ ಯಲಬುರ್ಗಿಯ ಒಕ್ಕಲುತನದ ಮನೆ, ಬಸವಂತಪ್ಪನವರ ಮಗಳು ನೀಲವ್ವ. ನನ್ನನ್ನು ಸಾಕಿದ ಸೋದರತ್ತೆ ಗಂಗವ್ವನಿಗೆ ಇದು ಇನ್ನೊಂದು ಸಂಬಂಧ ಅಷ್ಟೇ. ನನಗೆ ಹಾಗಿರಲಿಲ್ಲ. ನೀಲವ್ವ ಒಮ್ಮೆ ಕುಷ್ಟಗಿಗೆ ತನ್ನ ಅಕ್ಕನ ಮನೆಗೆ ಬಂದಿದ್ದಾಗ ಅವಳನ್ನು ಕಂಡಿದ್ದೆ. ಅಂಗಳದಲ್ಲಿ ನಮ್ಮ ಹೆಡ್ ಮಾಸ್ತರರ ನಡಿಗೆಯನ್ನು ಅಕ್ಕನಿಗೆ ನಡೆದು ತೋರಿಸುತ್ತಿದ್ದಳು. ಕೊಡೆಯ ಬದಲು ಮೊರ ಹಿಡಿದಿದ್ದಳು. ಆ ನಡಿಗೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಬೇಲಿಯ ಆಚೆ ನಿಂತಿದ್ದ ನಾನು ಅಭ್ಯಾಸಬಲದಿಂದ ಕೈ ಜೋಡಿಸಿದೆ. ಅಂದಿನಿಂದ ನನಗೆ ಬೇರೆ ಯಾವ ಮನೆಯ ಹೆಣ್ಣೂ ಬೇಡವಾಗಿತ್ತು. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಗಿನ ಕಾಲದಲ್ಲಿ ಅದನ್ನು ಹೇಳುವುದಕ್ಕೆ ಶಬ್ದಗಳೂ ಇರಲಿಲ್ಲ.

ಹೆಣ್ಣಿನ ಮನೆಗೆ ಹೋಗುವ ಮೊದಲು ಚಾಕು ಕೊಳ್ಳಲೇಬೇಕು ಎನ್ನಿಸಿತು. ಅಲ್ಲಿ ಹಣ್ಣು ತಂದಿಡುತ್ತಾರೆ, ಚಾಕು ಹುಡುಕುತ್ತಾರೆ, ಸಿಗುವುದಿಲ್ಲ. ಆಗ ನಾನು ಮಾತಿಲ್ಲದೆ ಕಿಸೆಗೆ ಕೈ ಹಾಕುತ್ತೇನೆ. ಬಾಗಿಲ ಮರೆಯಿಂದ ಎರಡು ಕಣ್ಣು ಇದನ್ನು ನೋಡುತ್ತವೆ. ಚಿತ್ರ ಪೂರ್ತಿಯಾಗಿತ್ತು. ಅದಕ್ಕೆ ಎರಡು ಅಲಗಿನ ಚಾಕೇ ಧಾರಾಳ ಸಾಕಾಗಿತ್ತು. ಆದರೆ ಮನಸ್ಸು ಮೂರನೆಯದರ ಮೇಲೆ. ಕುಷ್ಟಗಿಯಲ್ಲಿ ಡಬ್ಬಿ ಎಂದರೆ ಚಿಮಣಿ ಎಣ್ಣೆಯದು, ಅದನ್ನು ಕೊಡಲಿಯಿಂದ ಕೊರೆಯುತ್ತಾರೆ. ಬಾಟಲಿ ಎಂದರೆ ದವಾಖಾನೆಯದು, ಅದಕ್ಕೆ ಚಿಂದಿ ತುರುಕಿರುತ್ತಾರೆ. ಇವೆಲ್ಲ ತಿಳಿದಿದ್ದೂ, ಇರಲಿ ಬಿಡು, ಯಾವುದಕ್ಕಾದರೂ ಬೇಕಾದೀತು ಎಂದುಕೊಂಡು ಮೂರನೆಯದನ್ನೇ ಕೊಂಡೆ. ಲೋಕದಲ್ಲಿ ಅಟ್ಟಗಳು ತುಂಬಿರುವುದು ಇದೇ ತರ್ಕದಿಂದ.

ಯಲಬುರ್ಗಿಯಲ್ಲಿ ಎಲ್ಲವೂ ನಾನು ಚಿತ್ರಿಸಿಕೊಂಡಂತೆಯೇ ನಡೆಯಿತು. ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಬಸವಂತಪ್ಪನವರ ತಾಯಿ ಕಂಬಕ್ಕೆ ಆತು ಕುಳಿತರು. ಬುಟ್ಟಿಯಲ್ಲಿ ಪೇರಲ ಹಣ್ಣು ಬಂದವು. ಬಸವಂತಪ್ಪನವರು ಅತ್ತಿತ್ತ ನೋಡಿದರು. ನಾನು ಕಿಸೆಗೆ ಕೈ ಹಾಕಿ ಚಾಕನ್ನು ಅವರ ಮುಂದೆ ಕಂಬಳಿಯ ಮೇಲಿಟ್ಟೆ.

“ಛಲೋ ಐತಲ್ರಿ,” ಎಂದು ಅವರು ಎತ್ತಿಕೊಂಡರು. ನಾನು ಒದ್ದಾಡುತ್ತಿದ್ದ ಅಲಗುಗಳನ್ನೆಲ್ಲ ಒಕ್ಕಲಿಗನ ಉಗುರಿನಿಂದ ಒಂದೇ ದಮ್ಮಿಗೆ ಬಿಡಿಸಿದರು. ಹಣ್ಣು ಹೆಚ್ಚಿದರು, ದಬ್ಬಣದ ಮೊನೆ ನೋಡಿದರು, ಚಿಮಟಿಗೆಯಿಂದ ತಮ್ಮ ಅಂಗೈಯ ಹಳೆಯ ಸಿಬಿರೊಂದನ್ನು ಅಲ್ಲೇ ಕಿತ್ತರು. ಗಂಗವ್ವತ್ತೆ ನನ್ನ ಕಡೆ ನೋಡಿ ಒಪ್ಪಿಗೆಯ ಮುಖ ಮಾಡಿದಳು. ಆಮೇಲೆ ಅವರ ಉಗುರಿಗೆ ತಿರುಪು ಸಿಕ್ಕಿತು.

“ಇದೇನ್ರಿ ಮಾಸ್ತರ, ಹಂದಿ ಬಾಲ ಇದ್ದಂಗ ಐತಿ?”

ಮಾಸ್ತರರೆಂಬ ನಮ್ಮ ಜಾತಿಯ ಪ್ರಾಣಿಗೆ ಒಂದು ರೋಗವಿದೆ. ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಬಾಯಿಗೆ ಬಂದುಬಿಡುತ್ತದೆ.

“ಬಾಟ್ಲಿ ಬೂಚು ಕೀಳೂದ್ರಿ,” ಎಂದೆ.

“ಎಂಥಾ ಬಾಟ್ಲಿ?”

“ಎಂಥಾದೂ ನಡೀತೈತ್ರಿ.”

ಬಸವಂತಪ್ಪನವರು ತಿರುಪಿನ ಮೇಲಿನಿಂದ ಬೆರಳು ಹಿಂದಕ್ಕೆ ತೆಗೆದುಕೊಂಡರು. ಆ ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ; ಹೆಂಡದ ಗಡಿಗೆ ಹೊತ್ತವನು ಹಾದರೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಬೂಚಿನ ಬಾಟಲಿ ಎಂದರೆ ಆ ಸೀಮೆಯಲ್ಲಿ ಎಲ್ಲರ ತಲೆಗೂ ಬರುತ್ತಿದ್ದದ್ದು ಒಂದೇ, ಸಾಹೇಬರ ಬ್ರಾಂದಿ.

“ಹಂಗಾರ ಇಲ್ಲೀತನಕ ಎಷ್ಟ ಕಿತ್ತೀರಿ?” ಎಂದರು ಬಸವಂತಪ್ಪನವರು, ಬಹಳ ಮೃದುವಾಗಿ.

“ಒಂದೂ ಇಲ್ರಿ. ಪ್ರಸಂಗ ಬಂದಿಲ್ಲ.”

“ಪ್ರಸಂಗದ ದಾರಿ ಕಾಯಾಕತ್ತೀರಿ.”

ಅವರು ಅಲಗುಗಳನ್ನು ಒಂದೊಂದಾಗಿ ಮಡಚಿ ಚಾಕನ್ನು ನೆಲದ ಮೇಲಿಟ್ಟರು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ನೆಲಕ್ಕಿಡುವುದು ನಮ್ಮ ಕಡೆಯ ಪದ್ಧತಿಯೇ. ಆದರೆ ಇಡುವುದರಲ್ಲೂ ಬಗೆಯಿದೆ. ನನ್ನ ಹತ್ತಿರ ಇಡುವುದು ಬೇರೆ, ತಮ್ಮಿಂದ ದೂರ ಇಡುವುದು ಬೇರೆ. ಅವರು ಎರಡನೆಯದನ್ನು ಮಾಡಿದರು.

ಕಂಬದ ಬುಡದಿಂದ ಮುದುಕಿ ನನ್ನ ಪರ ವಕಾಲತ್ತು ವಹಿಸಿದರು. “ಅಲ್ಲಪಾ ಬಸವಂತ, ಕುಡಿಯೋ ಮಂದಿ ಶೇಂದಿ ಗಡಿಗಿಗೆ ಬಾಯಿ ಹಚ್ಚತಾರ. ಗಡಿಗಿಗೆ ಬೂಚು ಎಲ್ಲಿರತೈತಿ?”

“ಅದನ್ನ ನಾನೂ ಅನ್ನೂದು ಅವ್ವ,” ಎಂದರು ಮಗ. “ಇವರು ತುಟ್ಟೀದು ಕುಡೀತಾರ.”

ನಾನು ನನ್ನ ನಿಷ್ಕಳಂಕ ಜೀವನದ ಬಗ್ಗೆ ಮಾತಾಡಲು ಬಾಯಿ ತೆರೆದೆ. ಗಂಗವ್ವತ್ತೆ ನನ್ನ ತೊಡೆ ಚಿವುಟಿದಳು.

“ಅಂವಗೇನ್ ಕೇಳ್ತೀರಿ ಬಸವಂತಪ್ಪಾರ,” ಎಂದಳು. “ಸಾಲಿ ಬಿಟ್ಟರ ಅಂವಗ ಏನೂ ತಿಳಿಯೂದಿಲ್ಲ. ಅಂಗಡ್ಯಾವ ಹೇಳಿದ್ದನ್ನ ಪಾಠ ಒಪ್ಪಿಸಿದಂಗ ಒಪ್ಪಸಾಕತ್ಯಾನ. ಅದು ಗಂಟು ಬಿಚ್ಚೂದು. ದನದ ಹಗ್ಗದ ಗಂಟು.”

ನನ್ನ ಅತ್ತೆ ಆ ಚಾಕನ್ನು ನೋಡಿದ್ದು ಆ ದಿನವೇ ಮೊದಲು. ಸುಳ್ಳನ್ನು ಇಷ್ಟು ನೆಮ್ಮದಿಯಿಂದ ಹೇಳಬಲ್ಲವರು ನಮ್ಮನ್ನಾಳುವ ಸಂಸ್ಥಾನದ ದೊಡ್ಡ ಹುದ್ದೆಗಳಲ್ಲೂ ಕಡಿಮೆ.

ಬಸವಂತಪ್ಪನವರು “ಹಂಗೇನು? ಬರ್ರಿ ಹಂಗಾರ,” ಎಂದು ಚಾಕು ಎತ್ತಿಕೊಂಡು ಎದ್ದರು.

ನಮ್ಮ ಕಡೆಯ ಮನೆಗಳಲ್ಲಿ ದನಗಳೂ ಒಳಗೇ, ತಲಬಾಗಿಲ ಪಕ್ಕದಲ್ಲೇ. ಹಿಂದಿನ ದಿನ ಹಳ್ಳದಲ್ಲಿ ಮೈ ತೊಳೆಸಿ ತಂದ ಬಿಳಿಯ ಎತ್ತೊಂದನ್ನು ಹಸಿ ಪುಂಡಿನಾರಿನ ಹಗ್ಗದಿಂದ ಗೂಟಕ್ಕೆ ಕಟ್ಟಿದ್ದರು. ಹಗ್ಗ ಒಣಗಿ, ಎತ್ತು ಜಗ್ಗಿ, ಗಂಟು ಕಲ್ಲಾಗಿತ್ತು. ಬೆಳಗಿನಿಂದ ಮನೆಯ ಗಂಡಸರೆಲ್ಲ ಅದಕ್ಕೆ ಹಲ್ಲು ಹಚ್ಚಿ ಸೋತಿದ್ದರು. ಹೊಸ ಹಗ್ಗ, ಕೊಯ್ಯಲು ಯಾರಿಗೂ ಮನಸ್ಸಿರಲಿಲ್ಲ. ಬಸವಂತಪ್ಪನವರು ಗಂಟಿನ ಮುಂದೆ ಕುಕ್ಕರಿಸಿದರು. ನನ್ನ ಸಂಸಾರ, ಮಕ್ಕಳು, ಮುಪ್ಪು ಎಲ್ಲ ಆ ಪುಂಡಿನಾರಿನೊಳಗೆ ಸಿಕ್ಕಿಕೊಂಡಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು.

ತಿರುಪಿನ ಮೊನೆ ಎಳೆಗಳ ನಡುವೆ ಇಳಿಯಿತು. ಒಂದು ಸುತ್ತು, ಇನ್ನೊಂದು ಸುತ್ತು. ಅವರು ಹಿಡಿಯನ್ನು ಮೇಲಕ್ಕೆ ಜಗ್ಗಿದರು. ಗಂಟು ನರಳಿದಂತೆ ಸಪ್ಪಳ ಮಾಡಿ, ಒಂದು ಮಡಿಕೆ ಮೇಲೆದ್ದಿತು. ಎರಡನೆಯದು ಬೆರಳಿಗೇ ಬಂತು. ಎತ್ತು ತಲೆ ಕೊಡವಿ, ಯಾರ ಅಪ್ಪಣೆಯನ್ನೂ ಕೇಳದೆ ಪಡಸಾಲೆಗೆ ಹೋಗಿ ಪೇರಲ ಹಣ್ಣಿನ ಬುಟ್ಟಿಗೆ ಬಾಯಿ ಹಾಕಿತು. ಒಳಬಾಗಿಲ ಹಿಂದಿನಿಂದ ಯಾರೋ ನಕ್ಕರು. ಯಾರೆಂದು ನನಗೆ ಗೊತ್ತಿತ್ತು.

ಅತ್ತೆ ಕಣ್ಣು ತೆರೆದು, ಇದು ದಿನಾ ನಡೆಯುವ ಸಂಗತಿ ಎಂಬಂತೆ ಸೆರಗು ಸರಿಪಡಿಸಿಕೊಂಡಳು. ಬಸವಂತಪ್ಪನವರು ಮಾತ್ರ ಚಾಕನ್ನು ಅಂಗೈಯಲ್ಲಿಟ್ಟು ತೂಗುತ್ತಲೇ ಇದ್ದರು. ನ್ಯಾಯವಂತ ಮನುಷ್ಯ, ಅದೇ ತೊಂದರೆ.

“ಗಂಟು ಬಿಚ್ಚತೈತಿ, ಖರೆ,” ಎಂದರು. “ಬೂಚೂ ಕೀಳತೈತಿ, ಅದೂ ಖರೆ.”

ಆಗ ಬಾಗಿಲ ಹಿಂದಿನಿಂದ, ಅಜ್ಜಿಗೆ ಹೇಳಿದಂತೆ, ಆದರೆ ಓಣಿಯ ತುದಿಯವರೆಗೂ ಕೇಳುವಂತೆ ದನಿ ಬಂತು.

“ಆಯಿ, ಅಪ್ಪಗ ಹೇಳು. ಚಾಕು ಇಲ್ಲೇ ಇಟಗೊಳ್ಳಲಿ. ನಮ್ಮ ಮನ್ಯಾಗ ಗಂಟು ಅದಾವ, ಬಾಟ್ಲಿ ಇಲ್ಲ. ಅವರಿಗೆ ಚಾಕೂ ಇಲ್ಲ ಅಂದ ಮ್ಯಾಲೆ ಬೂಚು ಏನು ಹಲ್ಲಿಲೆ ಕೀಳತಾರಂತ?”

ಬಸವಂತಪ್ಪನವರು ಈ ವಾದವನ್ನು ಒಂದೆರಡು ಸಲ ಮನಸ್ಸಿನಲ್ಲೇ ತಿರುವಿ ನೋಡಿದಂತೆ ಕಂಡಿತು. ಅದರಲ್ಲಿ ತೂತು ಸಿಗಲಿಲ್ಲವೆಂದು ತೋರುತ್ತದೆ. ನನ್ನ ಕಡೆ ತಿರುಗಿ, “ಏನಂತೀರಿ ಮಾಸ್ತರ?” ಎಂದರು.

ನಾನು ತಿಂಗಳುಗಟ್ಟಲೆ ನೋಡಿ, ತೂಗಿ, ಅಳೆದು ಆರಿಸಿದ ಚಾಕು ಅದು. ಕಿಸೆಯಲ್ಲಿ ಅದರ ಭಾರಕ್ಕೆ ಕೋಟಿನ ಆ ಮಗ್ಗುಲು ಆಗಲೇ ಜೋಲತೊಡಗಿತ್ತು. ಅದನ್ನು ಆರಿಸುವುದಕ್ಕೆ ನಾನು ಖರ್ಚು ಮಾಡಿದ ವಿಚಾರದಲ್ಲಿ ಒಂದು ಚೂರನ್ನೂ ಆ ಕ್ಷಣದಲ್ಲಿ ಖರ್ಚು ಮಾಡಲಿಲ್ಲ. ಮನುಷ್ಯನಿಗೆ ಏನು ಬೇಡ ಎಂಬುದನ್ನು ಕಂಡುಹಿಡಿಯಲು ಬಹಳ ಕಾಲ ಬೇಕಾಗುತ್ತದೆ. ಏನು ಬೇಕು ಎಂಬುದು ಮಾತ್ರ ಅವನಿಗೆ ಬೇಲಿಯ ಆಚೆ ನಿಂತಾಗಲೇ ತಿಳಿದಿರುತ್ತದೆ.

“ಇಟಗೋರಿ,” ಎಂದೆ.

ಲಗ್ನ ವೈಶಾಖದಲ್ಲಿ ಯಲಬುರ್ಗಿಯಲ್ಲೇ ಆಯಿತು. ಚಾಕನ್ನು ಮಾವನವರು ಎತ್ತಿನ ಗೂಟದ ಮೇಲಿನ ಗೋಡೆಯ ಮೊಳೆಗೆ ತೂಗುಹಾಕಿದರು.