ಖಾದರ್ ಸಾಬರ ತಾಟೆ ಮರಿ

ಖಾದರ್ ಸಾಬರು ಕಣ್ಣು ಮುಚ್ಚಿಕೊಂಡೇ ಮೀನಿನ ಜಾತಕ ಹೇಳುತ್ತಿದ್ದರು. ಸೊರಬದಲ್ಲಿ ಅವರದು ಒಣಮೀನಿನ ಅಂಗಡಿ. ತಾಟೆ, ಅಂದರೆ ಶಾರ್ಕ್ ಮೀನಿನ ಒಣಗಿದ ತಲೆಯನ್ನು ಕೈಗಿಟ್ಟರೆ ಹಲ್ಲಿನ ಮೇಲೆ ಹೆಬ್ಬೆರಳಾಡಿಸಿ, "ಇದು ಮೇಲೆ ಈಜಿ ಬೇಟೆಯಾಡೋದು" ಎಂದೋ, "ಇದು ತಳದಾಗೆ ಮಲಗಿ ಏಡಿ ಅಗಿಯೋದು" ಎಂದೋ ತೀರ್ಪು ಕೊಡುವರು. ಓದು ಬರಹ ಬಾರದು. ಆದರೆ ವಾರಕ್ಕೊಮ್ಮೆ ಲಾರಿ ಹತ್ತಿ ಹೊನ್ನಾವರಕ್ಕೆ ಹೋಗಿ ಬರುತ್ತಿದ್ದರು. ಆಗಿನ್ನೂ ಹೊನ್ನಾವರ ನಮ್ಮ ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು.

ನಾನು ಸೊರಬದ ಶಾಲೆಯಲ್ಲಿ ವಿಜ್ಞಾನದ ಹೊಸ ಮೇಷ್ಟ್ರು. ಒಂದು ದಿನ ಅಂಗಡಿಯಲ್ಲಿ ಅವರು, "ತಳದ ತಾಟೆ ಮೊಟ್ಟೆ ಇಡ್ತದೆ" ಎಂದರು.

"ಇಲ್ಲ ಸಾಬ್ರೇ, ಶಾರ್ಕ್ ಮರಿ ಹಾಕುತ್ತೆ. ಪುಸ್ತಕದಲ್ಲಿದೆ," ಎಂದೆ.

"ಕೆಲವು ಹಾಕ್ತವೆ ಮೇಷ್ಟ್ರೇ, ಎಲ್ಲಾ ಅಲ್ಲ."

ಓದು ಬಾರದ ಸಾಬರು ಪುಸ್ತಕಕ್ಕೇ ಎದುರಾಡಿದ್ದಕ್ಕೆ ಸುತ್ತಲಿದ್ದವರು ನಕ್ಕರು. ಸಾಬರ ಮುಖ ಕೆಂಪಾಯಿತು. ನನಗೂ ಗೆದ್ದೆನೆಂಬ ಜಂಬ.

ಮುಂದಿನ ವಾರ ಅವರು ಲಾರಿಯಿಂದ ಇಳಿದವರೇ ನೇರ ಶಾಲೆಗೆ ಬಂದರು. ಹಿಂದೆ ಹಮಾಲಿಗಳು ಹೊತ್ತು ತಂದ ನಾಲ್ಕು ಉಪ್ಪಿನಕಾಯಿ ಭರಣಿ ತುಂಬ ಸಮುದ್ರದ ನೀರು. ಒಂದರಲ್ಲಿ ಅಂಗೈಯಗಲದ ಕಂದು ಚೀಲ. ಅದೇ ತಾಟೆಯ ಮೊಟ್ಟೆ, ಬಲೆಗೆ ಸಿಕ್ಕಿತ್ತಂತೆ. ಬಿಸಿಲಿಗೆ ಹಿಡಿದರು. ಒಳಗೆ ಏನೋ ಹೊರಳಿತು.

ಮೂರು ದಿನ ಅಂಗಡಿ ಮುಚ್ಚಿ ಶಾಲೆಯ ಜಗುಲಿಯಲ್ಲೇ ಕೂತರು. ನೀರಿಗೆ ಗಾಳಿ ಬೆರೆಯಲೆಂದು ಚೊಂಬಿನಿಂದ ಎತ್ತಿ ಎತ್ತಿ ಸುರಿದರು. ಅವರ ಕೈ ಸೋತಾಗ ನಾನು ಸುರಿದೆ. ಮರಿ ಸತ್ತರೆ ಊರೇ ಇನ್ನೊಮ್ಮೆ ನಗುತ್ತಿತ್ತು. ಆದರೆ ಅವರ ತುಟಿ ಪಿಟಿಪಿಟಿ ಎನ್ನುತ್ತಿದ್ದುದು ಊರಿಗಾಗಿ ಅಲ್ಲ, ಆ ಜೀವಕ್ಕಾಗಿ.

ನಾಲ್ಕನೆಯ ಬೆಳಿಗ್ಗೆ ಚೀಲದ ಅಂಚು ಬಿರಿಯಿತು. ಮೈತುಂಬ ಕಪ್ಪು ಪಟ್ಟೆಯ, ಗೇಣುದ್ದದ ಮರಿ ಜಾರಿ ಬಂದು ಭರಣಿಯ ತಳದಲ್ಲಿ ಮಲಗಿತು. ಅಲುಗಲಿಲ್ಲ.

"ಸತ್ತೋಯ್ತಾ?" ಎಂದೆ.

"ಕಿವಿರು ನೋಡ್ರೀ! ಈ ಜಾತಿ ಮಲಗೇ ಉಸಿರಾಡ್ತದೆ."

ಕಿವಿರು ಆಡುತ್ತಿತ್ತು. ಶಾಲೆಗೆ ಶಾಲೆಯೇ ಹೋ ಎಂದು ಕೂಗಿತು. ನಾನು ಮಕ್ಕಳೆದುರೇ, "ನಾನು ಹೇಳಿದ್ದು ತಪ್ಪು, ಸಾಬರು ಹೇಳಿದ್ದು ಸರಿ" ಎಂದೆ. ಸೋತು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಮತ್ತೊಮ್ಮೆ ಇಲ್ಲ.

ಮರಿಯನ್ನು ಸಮುದ್ರಕ್ಕೆ ಬಿಡಲು ಅಂದೇ ಇಬ್ಬರೂ ಲಾರಿಯಲ್ಲಿ ಹೊನ್ನಾವರಕ್ಕೆ ಹೋದೆವು. ದಡದಲ್ಲಿ ಬಲೆ ಬಿಡಿಸುತ್ತಿದ್ದವರು ಇಂಥದೇ ಚೀಲಗಳನ್ನು ಕಸವೆಂದು ಮರಳಿಗೆ ಎಸೆಯುತ್ತಿದ್ದರು. ಸಾಬರು ಅವರಿಗೆ ಮರಿ ತೋರಿಸಿದರು.

"ಬಿತ್ತನೆ ಭತ್ತಾನ ಯಾರಾದ್ರೂ ಕುಟ್ಟಿ ತಿಂತಾರಾ? ಇದೂ ಬಿತ್ತನೆ ಕಣ್ರಪ್ಪಾ. ಸಿಕ್ಕಿದ್ದನ್ನ ನೀರಿಗೇ ಬಿಡ್ರಿ."

ಹಿರಿಯ ಬೆಸ್ತನೊಬ್ಬ ಭರಣಿಗೆ ಬಗ್ಗಿ ಮರಿಯನ್ನು ನೋಡಿದ. ಆಮೇಲೆ ಮರಳಲ್ಲಿದ್ದ ಹಸಿ ಚೀಲಗಳನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡು ದೋಣಿ ನೂಕಿದ. ನಮ್ಮ ಮರಿಯೂ ಅದೇ ದೋಣಿಯಲ್ಲಿ ಹೋಯಿತು.

ಮರುವರ್ಷ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಹೊರಡುವ ದಿನ ಬಸ್ಸು ಕದಲಿದ ಮೇಲೆ ಸಾಬರು ಲುಂಗಿ ಎತ್ತಿಕೊಂಡು ಓಡಿಬಂದರು. ಹೊನ್ನಾವರದಿಂದ ಆಗಷ್ಟೇ ಇಳಿದಿದ್ದರು.

"ಮೇಷ್ಟ್ರೇ, ಈ ವಾರ ಹನ್ನೊಂದು ಚೀಲ ವಾಪಸ್ ನೀರಿಗೆ ಬಿಟ್ಟಾರಂತೆ! ನಾ ಹೇಳದೇನೇ!"

ಕೆಂಧೂಳಿನ ನಡುವೆ ಎರಡೂ ಕೈ ಮೇಲೆತ್ತಿ ನಿಂತಿದ್ದರು, ಕುಸ್ತಿ ಗೆದ್ದ ಪೈಲ್ವಾನನ ಹಾಗೆ. ನಾನು ಅವರನ್ನು ಕಂಡದ್ದು ಅದೇ ಕೊನೆ.